ಅರ್ಧಚಂದ್ರ ಮಾರ್ಕಿನ ಗರಗಸ

ಒಂದು ಹಳೆಯ ಸಾಮಾನನ್ನು ನೋಡಿದ ಕೂಡಲೇ ಅದನ್ನು ಯಾರು ಮಾಡಿದ್ದು ಎಂದು ಹೇಳಬಲ್ಲ ಕಣ್ಣು ಎಲ್ಲರಿಗೂ ಇರುವುದಿಲ್ಲ. ತುರುವೇಕೆರೆ ತಾಲ್ಲೂಕಿನ ಮಟ್ಟಿಗೆ ಆ ಕಣ್ಣು ನನ್ನದೇ ಎಂದು ಹೋದ ತಿಂಗಳು ನಾನೇ ತೀರ್ಮಾನಿಸಿದೆ. ಬೇರೆ ಯಾರೂ ತೀರ್ಮಾನಿಸುವ ಲಕ್ಷಣ ಕಾಣಲಿಲ್ಲ!

ಇದಕ್ಕೆಲ್ಲ ಕಾರಣ ಒಂದು ಕೈಗರಗಸ. ಅಟ್ಟದಿಂದ ಕೊಬ್ಬರಿ ಇಳಿಸುವಾಗ ಮೂಲೆಯಲ್ಲಿ ಸಿಕ್ಕಿತು. ನಮ್ಮ ತಾತನ ಕಾಲದ್ದು. ಧೂಳು ಒರೆಸಿದರೆ ಮರದ ಹಿಡಿಯ ಮೇಲೆ ಸುಟ್ಟು ಒತ್ತಿದ ಗುರುತು: ಒಂದು ಅರ್ಧಚಂದ್ರ, ಅದರ ಕೆಳಗೆ ಮೂರು ಚುಕ್ಕಿ. ನನಗೆ ಮೈ ಜುಮ್ಮೆಂದಿತು. ಫೋನಿನಲ್ಲಿ ಹುಡುಕಿ ಹುಡುಕಿ ಕಣ್ಣು ಕೆಂಪಾದ ಮೇಲೆ, ಇಂಗ್ಲೆಂಡಿನ ಯಾವುದೋ ಹಳೇ ಗರಗಸದ ಮೇಲೆ ಚಂದ್ರ ಸಿಕ್ಕಿದ. ಚುಕ್ಕಿಗಳು ಮಾತ್ರ ಸಿಗಲಿಲ್ಲ. ಅದಕ್ಕೇನಂತೆ? ಚಂದ್ರ ಕಂಪನಿಯ ಯಜಮಾನ, ಚುಕ್ಕಿಗಳು ಆಮೇಲೆ ಹುಟ್ಟಿದ ಮೂವರು ಗಂಡುಮಕ್ಕಳು! ಸಂಶೋಧನೆ ಮುಗಿಯಿತು.

"ಗುರುತು ಹಾಕ್ದೋರೇ ಮಾಡಿರ್ತಾರೆ ಅಂತ ಯಾರ್ ಹೇಳಿದ್ದು ನಿಮ್ಗೆ?" ಎಂದಳು ನನ್ನ ಹೆಂಡತಿ ಗಿರಿಜಾಂಬಿಕಾ. "ನಮ್ಮನೆ ಕೊಳಗದ ಮೇಲೆಲ್ಲ ನನ್ನ ಹೆಸರು ಕೊರೆಸೈತೆ. ಕೊಳಗ ನಾನ್ ಮಾಡಿದ್ನಾ?"

ಇಂಥ ಪಾತ್ರೆಪಗಡದ ವಾದಗಳಿಗೆಲ್ಲ ಸಂಶೋಧಕ ಕಿವಿಗೊಡಬಾರದು. ತೋಟದ ದಾರಿಗೆ ಅಡ್ಡ ಬಂದಿರುವ ಸೀಬೆ ಕೊಂಬೆಯನ್ನು ಅದೇ ಗರಗಸದಲ್ಲಿ ಕುಯ್ದು ಕೊಡಿ ಎಂದು ಅವಳು ಕೇಳಿದಾಗ ನಾನು ಕಿವಿ ಮುಚ್ಚಿಕೊಂಡೆ. ಗೋಡೆಯ ಮೇಲಿದ್ದ ನಮ್ಮ ಮದುವೆ ಫೋಟೋ ಇಳಿಸಿ, ಅದೇ ಮೊಳೆಗೆ ಗರಗಸ ನೇತುಹಾಕಿದೆ. ಅದಕ್ಕೂ ಮೊದಲು ಉಪ್ಪುಕಾಗದ ಹಿಡಿದು, ಹಲ್ಲುಗಳನ್ನೂ ಬಿಡದೆ, ಮುಖ ಕಾಣುವಷ್ಟು ಹೊಳೆಯುವ ಹಾಗೆ ಉಜ್ಜಿದ್ದೆ. ಆವತ್ತು ನನಗೆ ಊಟ ಬಡಿಸಿದ್ದು ಪಾತ್ರೆಯ ಸದ್ದು, ಹೆಂಡತಿಯಲ್ಲ.

ನಿಜ ಹೇಳಬೇಕೆಂದರೆ ಇಷ್ಟೆಲ್ಲ ಹಾರಾಟ ಅವಳ ಅಣ್ಣ ಸೂರ್ಯಪ್ರಕಾಶನಿಗಾಗಿ. ತಿಪಟೂರಿನ ಅವನ ಮನೆಯಲ್ಲಿ ಜರ್ಮನಿಯ ಗೋಡೆ ಗಡಿಯಾರವಿದೆ. ಅದು ಗಂಟೆ ಬಾರಿಸುವಾಗ ನೆಂಟರು ಅನ್ನ ಕಲಸುವುದನ್ನೂ ನಿಲ್ಲಿಸಿ ಕೇಳಬೇಕು. ಮದುವೆಯಾದಾಗಿನಿಂದ ಕೇಳಿ ಕೇಳಿ ಸಾಕಾಗಿ ಹೋಗಿದ್ದೆ. ಒಂದೇ ಒಂದು ಸಲ ಅವನು ನನ್ನ ಮನೆಯಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲಬೇಕು, ಅಷ್ಟೇ ನನ್ನಾಸೆ. ಭಾನುವಾರ ಊಟಕ್ಕೆ ಕರೆದೆ.

ಬಂದ. ನೋಡಿದ. ಬಾಯಿ ಬಿಟ್ಟ! ಮೂವರು ಗಂಡುಮಕ್ಕಳ ಕಥೆಗೆ ಬರುವಷ್ಟರಲ್ಲಿ ಅವನ ಮುಖ ಸಪ್ಪಗಾಗಿತ್ತು. ಹೋಳಿಗೆಯನ್ನೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ನನಗೆ ಮಾತ್ರ ಅಂದು ಹೋಳಿಗೆ ಎಷ್ಟು ಇಳಿಯಿತೋ ಲೆಕ್ಕವಿಲ್ಲ. ಕೊನೆಗೆ ಅವನು, ಒಳಗೆ ಬೆಳಕು ಸಾಲದು ಭಾವ, ಮಾರ್ಕು ಸರಿಯಾಗಿ ಕಾಣುತ್ತಿಲ್ಲ ಎಂದ. ನಾನು ಗರಗಸವನ್ನು ಎರಡು ಕೈಯಲ್ಲಿ ಹಿಡಿದು, ದೇವರ ಅಡ್ಡಪಲ್ಲಕ್ಕಿಗೆ ಹೆಗಲು ಕೊಟ್ಟವನ ಗಾಂಭೀರ್ಯದಲ್ಲಿ ತೋಟಕ್ಕೆ ನಡೆದೆ.

ಆಗಲೇ ಮಂದೆ ಬಂತು. ತೆಂಗಿನ ಬುಡಕ್ಕೆ ಗೊಬ್ಬರವಾಗಲಿ ಎಂದು ರಾತ್ರಿ ತೋಟದಲ್ಲಿ ಕುರಿ ನಿಲ್ಲಿಸಲು ಗಿರಿಜಾಂಬಿಕಾ ಹುಳಿಯಾರು ಕಡೆಯ ಜುಂಜೇಶನಿಗೆ ಹೇಳಿದ್ದಳು. ಧೂಳೆಬ್ಬಿಸಿಕೊಂಡು ನುಗ್ಗಿದ ಕುರಿಗಳನ್ನು ಕಂಡು ನಾನು ಗರಗಸವನ್ನು ಎದೆಗವಚಿಕೊಂಡೆ. ಒಂದೊಂದು ಕುರಿಯ ಪಕ್ಕೆಯ ಮೇಲೂ ನೀಲಿ ಬಣ್ಣದ ಅರ್ಧಚಂದ್ರ, ಕೆಳಗೆ ಮೂರು ಚುಕ್ಕಿ! ಇಂಗ್ಲೆಂಡಿನ ಕಂಪನಿ ಮಕ್ಕಳುಮರಿ ಸಮೇತ ಬ್ಯಾ ಎನ್ನುತ್ತ ನನ್ನ ತೋಟಕ್ಕೇ ಬಂದಿತ್ತು.

ಸೂರ್ಯಪ್ರಕಾಶ ಗರಗಸ ನೋಡಿದ, ಕುರಿ ನೋಡಿದ, ನನ್ನನ್ನು ನೋಡಿದ. ಅವನ ಮುಖ ಅರಳುತ್ತ ಹೋಯಿತು. ನಾನು ಹಿಂದೆ ಹಿಂದೆ ಸರಿದು, ಕಾಲು ತೊಡರಿ, ಅಲ್ಲೇ ನಿಂತಿದ್ದ ಒಂದು ದೊಡ್ಡ ಟಗರಿನ ಪಕ್ಕೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟೆ. ಸಾಧು ಪ್ರಾಣಿ, ಅಲುಗಾಡಲಿಲ್ಲ.

"ಬಣ್ಣ ಇನ್ನೂ ಹಸಿ ಐತೆ, ಹುಷಾರು ಕಣಣ್ಣ" ಎನ್ನುತ್ತ ಓಡಿಬಂದ ಜುಂಜೇಶ ನನ್ನ ಕೈಯಲ್ಲಿದ್ದುದನ್ನು ಕಂಡು ನಿಂತ. "ಅಯ್ಯೋ, ಇದು ನಮ್ಮ ತಾತನ ಗರಗಸ ಅಲ್ವೇನಣ್ಣ? ನೋಡಿ, ನಮ್ಮ ಹಟ್ಟಿ ಗುರುತು. ಆವಾಗ ಇಲ್ಲೇ ಮಂದೆ ನಿಲ್ಸಿದ್ದಾಗ ನಿಮ್ಮ ತಾತ ಇಸ್ಕಂಡಿದ್ರಂತೆ. ಈಗ ಕೊಡ್ತೀನಿ ಆಗ ಕೊಡ್ತೀನಿ ಅಂದಿದ್ರಂತೆ."

ಆದರೂ ನಾನು ಸೋಲೊಪ್ಪಲಿಲ್ಲ. ಗುರುತು ಯಾರದಾದರೂ ಇರಲಿ, ತಯಾರಿಸಿದ್ದು ಯಾರು ಹೇಳು ಎಂದೆ. ಹಿಡಿಯನ್ನು ತಾತನೇ ಜಾಲಿ ಮರದಲ್ಲಿ ಕೆತ್ತಿದ್ದಂತೆ, ಅಲಗು ಹುಳಿಯಾರು ಸಂತೆಯದಂತೆ. ಇಂಗ್ಲೆಂಡಿಗೆ ಅಲ್ಲಿ ಕಾಲಿಡಲೂ ಜಾಗವಿರಲಿಲ್ಲ.

ಭಾರವಾದ ಮನಸ್ಸಿನಿಂದ ಗರಗಸವನ್ನು ಅವನ ಕೈಗಿಟ್ಟೆ. ಜುಂಜೇಶ ಖುಷಿಯಿಂದ ಸೀಬೆ ಕೊಂಬೆಯ ಮೇಲೆ ಅದನ್ನು ಎಳೆದು ನೋಡಿದ. ತೊಗಟೆ ಕೂಡ ಕೀಳಲಿಲ್ಲ. ಹಲ್ಲುಗಳನ್ನು ಬೆರಳಲ್ಲಿ ಸವರಿ ನನ್ನತ್ತ ತಿರುಗಿದ.

"ಯಾರೋ ಚೆನ್ನಾಗಿ ಉಜ್ಜಿ ಹಾಳ್ ಮಾಡವ್ರೆ. ನಮ್ಗ್ ಬ್ಯಾಡ ಬುಡಿ ಅಣ್ಣ, ನೀವೇ ಮಡೀಕಳಿ."

ಸೂರ್ಯಪ್ರಕಾಶ ಹೊಟ್ಟೆ ಹಿಡಿದುಕೊಂಡು ನಕ್ಕ, ಆ ಕ್ಷಣವೇ ಹಸಿವಾಯಿತೆಂದು ಇನ್ನೊಂದು ಹೋಳಿಗೆ ಕೇಳಿದ. ನಾನು ಗರಗಸವನ್ನು ಕಂಕುಳಲ್ಲಿಟ್ಟುಕೊಂಡು, ಉಳಿದಿದ್ದ ಅಷ್ಟಿಷ್ಟು ಮರ್ಯಾದೆಯೊಂದಿಗೆ ಮನೆಯ ಕಡೆ ಹೊರಟೆ. ಬೆನ್ನಿಗೆ ಏನೋ ತಣ್ಣಗೆ ಅಂಟಿದಂತಾಯಿತು. ಬಿಳಿ ಅಂಗಿಯನ್ನು ಹಿಂದಿನಿಂದ ಮುಟ್ಟಿ ನೋಡಿಕೊಂಡರೆ ಬೆರಳೆಲ್ಲ ನೀಲಿ.

ಹಿಂದಿನಿಂದ ಗಿರಿಜಾಂಬಿಕೆಯ ದನಿ ಕೇಳಿಸಿತು: "ಜುಂಜೇಶ, ಇನ್ನೊಂದ್ ಸಲ ಎಣಿಸ್ಕೊಳಪ್ಪ. ನಿಮ್ಮ ಟಗರೊಂದು ತಪ್ಪಿಸ್ಕಂಡು ನಮ್ಮನೆ ಕಡೆ ಹೊಂಟೈತೆ."