ಪ್ರಭುಸ್ವಾಮಿಯವರ ರೇಡಿಯೋಗೆ ಹಿಡಿದ ಕಿಲುಬು

ಬೆಳಿಗ್ಗೆ ಪ್ರಭುಸ್ವಾಮಿಯವರು ರೇಡಿಯೋದ ದನಿ ಏರಿಸಲು ತಿರುಪನ್ನು ತಿರುಗಿಸಿದ್ದೇ ತಡ, ಒಳಗಿನಿಂದ ಹಪ್ಪಳದ ಮೂಟೆಯ ಮೇಲೆ ಆನೆ ಕೂತ ಸದ್ದು ಬಂತು. ಇನ್ನಷ್ಟು ತಿರುಗಿಸಿದರು. ಸುದ್ದಿ ಓದುತ್ತಿದ್ದವರ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಂತಾಯಿತು. ಆಮೇಲೆ ಓದುವವರೂ ಇಲ್ಲ, ಸುದ್ದಿಯೂ ಇಲ್ಲ.

ಬೇರೆ ದಿನವಾಗಿದ್ದರೆ ರೇಡಿಯೋದ ನೆತ್ತಿಗೆ ಎರಡೇಟು ಹಾಕಿ ಅವರು ಆಫೀಸಿನ ಗುಮಾಸ್ತಗಿರಿಗೆ ಹೊರಟುಬಿಡುತ್ತಿದ್ದರು. ಆದರೆ ಅಂದು ಸಂಜೆ ಅವರ ಮಗಳು ಪ್ರೇಮಲೀಲಾ ಯಾದವಗಿರಿಯ ಆಕಾಶವಾಣಿಯಲ್ಲಿ ಮೊದಲ ಸಲ ಹಾಡುವವಳಿದ್ದಳು. ನಜರ್‌ಬಾದಿನ ಆ ಬೀದಿಗೆಲ್ಲ ಕರೆ ಹೋಗಿತ್ತು. ಎರವಲು ಚಾಪೆಗಳೂ ಬಂದು ಮೂಲೆ ಸೇರಿದ್ದವು. ಪ್ರಭುಸ್ವಾಮಿಯವರು ರಜಾ ಚೀಟಿ ಬರೆದು, ಲಷ್ಕರ್ ಮೊಹಲ್ಲಾದ ಜವರಯ್ಯನ ರೇಡಿಯೋ ಅಂಗಡಿಗೆ ಆಳು ಅಟ್ಟಿದರು.

ಜವರಯ್ಯ ತನ್ನ ಮೆಕ್ಯಾನಿಕ್ ದೇವಯ್ಯನ ಮೇಲೆ ಹರಿಹಾಯ್ದ. "ಮತ್ತೆ ಅದೇ ಮನೆ ಕಣೋ! ನೀನು ಕಿಲುಬು ತೆಗೀತೀಯೋ, ಬಿತ್ತನೆ ಮಾಡಿ ಬರ್ತೀಯೋ? ನೀನು ಕೈಯಿಟ್ಟು ಬಂದ ಹದಿನೈದು ದಿನಕ್ಕೆ ಒಳಗೆಲ್ಲ ಪೈರು ಬೆಳೆದು ನಿಂತಿರ್ತದೆ. ನನ್ನ ಅಂಗಡಿ ಹೆಸರು ಹಾಳಾಯ್ತು. ಇವತ್ತು ಸಂಜೆ ಆ ಮಗು ಹಾಡು ಕೇಳಿಸದೆ ಹೋದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ದೇವಯ್ಯ ಯುದ್ಧದ ಕಾಲದಲ್ಲಿ ಪಟಾಲಮ್ಮು ಸೇರಿ ಬರ್ಮಾದ ಕಾಡಿನಲ್ಲಿ ರೇಡಿಯೋ ಕೆಲಸ ಕಲಿತವನು. ಅಲ್ಲಿ ಗುಂಡು ಹಾರುತ್ತಿರುವಾಗ ರೇಡಿಯೋ ರಿಪೇರಿ ಮಾಡಿದವನ ಜಾತಿಯನ್ನು ಯಾರೂ ಕೇಳಿರಲಿಲ್ಲ. ಊರಿಗೆ ಬಂದ ಮೇಲೆ ಎಲ್ಲರೂ ಮೊದಲು ಅದನ್ನೇ ಕೇಳಿದರು. ಕೇರಿಯವನೆಂದು ತಿಳಿದ ಕೂಡಲೇ ಮೈಸೂರಿನ ಅಂಗಡಿಗಳವರಿಗೆಲ್ಲ 'ಈಗ ಜನ ಬೇಕಾಗಿಲ್ಲ' ಎಂಬುದು ನೆನಪಾಗುತ್ತಿತ್ತು. ನೆನಪಿನ ಶಕ್ತಿ ಕಡಿಮೆಯಿದ್ದವನು ಜವರಯ್ಯನೊಬ್ಬನೇ. ಆ ಕೆಲಸವೂ ಹೋದರೆ ದೇವಯ್ಯನಿಗೆ ಇನ್ನೊಂದಿರಲಿಲ್ಲ.

ಎಂದಿನಂತೆ ಪ್ರಭುಸ್ವಾಮಿಯವರ ಜಗುಲಿಯಲ್ಲಿ ಗೋಣಿಚೀಲ ಹಾಸಿತ್ತು. ಅದರ ಮೇಲೆ ರೇಡಿಯೋ, ಅದರೆದುರು ದೇವಯ್ಯ. ಹಿಂದಿನ ರಟ್ಟು ಬಿಚ್ಚಿ ನೋಡಿದರೆ ಸ್ವಿಚ್ಚಿನ ಹಿತ್ತಾಳೆ ನಾಲಿಗೆಗಳೆಲ್ಲ ಹಾಳು ಕಲ್ಯಾಣಿಯ ಮೆಟ್ಟಿಲಿನ ಹಾಗೆ ಹಸಿರು. ಬ್ರಷ್ಷನ್ನು ಪೆಟ್ರೋಲಿಗೆ ಅದ್ದಿ ಒಂದೊಂದೇ ನಾಲಿಗೆ ಉಜ್ಜಿದ. ದನಿಯ ತಿರುಪಿನ ಹೊಟ್ಟೆಗೆ ನಾಲ್ಕು ಹನಿ ಬಿಟ್ಟು, ಮೊಸರು ಕಡೆದ ಹಾಗೆ ಅತ್ತಿಂದಿತ್ತ ತಿರುಗಿಸಿದ. ಕೊನೆಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದು ತೊಟ್ಟು.

ಪಕ್ಕದ ಮನೆಯ ಅಶ್ವತ್ಥ ಪೋಸ್ಟ್ ಮಾಸ್ಟರಾಗಿ ರಿಟೈರಾದವರು. ಬೇರೆಯವರ ತೊಂದರೆಯೇ ಅವರಿಗೆ ಪಿಂಚಣಿ. ಗೋಡೆಯ ಮೇಲಿಂದ ಕತ್ತು ಚಾಚಿ, "ಅರ್ಥ್ ತಂತಿ ಒಣಗಿದೆ ಕಣಯ್ಯ, ಭೂಮಿತಾಯಿಗೆ ನೀರು ಹಾಕು" ಎಂದವರೇ, ತಾವೇ ಬಿಂದಿಗೆ ತಂದು ತಂತಿಯ ಗೂಟಕ್ಕೆ ಸುರಿದರು. ಅರ್ಧ ನೀರು ದೇವಯ್ಯನ ಚಪ್ಪಲಿಗೆ ಹೋಯಿತು. ರೇಡಿಯೋ ಮಾತ್ರ ಹಾಲಿನಂಥ ದನಿ ಹೊರಡಿಸಿತು.

"ನಾನು ಹೇಳ್ಲಿಲ್ವಾ? ನೀರು!" ಎಂದರು ಅಶ್ವತ್ಥ.

ದೇವಯ್ಯ ಅಂಗಡಿ ತಲುಪಿ ಬುತ್ತಿಯ ಗಂಟು ಬಿಚ್ಚುವಷ್ಟರಲ್ಲಿ ಆಳು ಹಿಂದೆಯೇ ಬಂದ. "ಮತ್ತೆ ಕರಕರ ಅಂತದಂತೆ." ಜವರಯ್ಯ ಬೀದಿಯ ಕಡೆ ಬೆರಳು ಮಾತ್ರ ತೋರಿಸಿದ.

ಈ ಸಲ ರಟ್ಟು ಬಿಚ್ಚಿದರೆ ಒಳಗೆಲ್ಲ ಪಸೆ, ಅರಿಸಿನದ ಬಣ್ಣ, ದನದ ಕೊಟ್ಟಿಗೆಯ ವಾಸನೆ. ಪೆಟ್ರೋಲಿನಲ್ಲೇ ಯಾರೋ ಕಲಬೆರಕೆ ಮಾಡಿದ್ದಾರೆಂದುಕೊಂಡು ದೇವಯ್ಯ ಬಾಟಲಿಯನ್ನು ಮೂಸಿ ಮೂಸಿ ತಲೆ ಸುತ್ತಿಸಿಕೊಂಡ.

"ಅದಲ್ಲ, ಏರಿಯಲ್ ಮೇಲೆ ಕಾಗೆ ಕೂರ್ತದೆ. ಹತ್ತಿ ನೋಡು" ಎಂದರು ಅಶ್ವತ್ಥ.

"ನುಗ್ಗೆಮರ ತಡೆಯಲ್ಲ ಸಾರ್."

"ತಡೀತದೆ ಹತ್ತಯ್ಯ, ಪಟಾಲಮ್ಮಿನೋನು!"

ತಡೆಯಲಿಲ್ಲ. ಕೊಂಬೆ, ಏರಿಯಲ್ಲು, ದೇವಯ್ಯ ಮೂವರೂ ಒಟ್ಟಿಗೆ ಇಳಿದರು. ಬೀದಿಯ ಹೆಂಗಸರು ನುಗ್ಗೆಕಾಯಿ ಆರಿಸಿಕೊಂಡು ಹೋದರು. ಅವನು ಕುಂಟುತ್ತ ತಂತಿ ಕಟ್ಟಿ, ಇನ್ನೊಮ್ಮೆ ಎಲ್ಲವನ್ನೂ ಉಜ್ಜಿದ. ರೇಡಿಯೋ ಪುನಃ ಹಾಡಿತು.

ಬೀದಿಯ ತಿರುವಿನಲ್ಲಿ ಸ್ಕ್ರೂಡ್ರೈವರ್ ಮರೆತದ್ದು ನೆನಪಾಗಿ ಅವನು ಹಿಂದಿರುಗಿದ. ಜಗುಲಿಯಲ್ಲಿ ಪ್ರಭುಸ್ವಾಮಿಯವರ ತಾಯಿ ಶಿವನಂಜಮ್ಮ ತಂಬಿಗೆ ಹಿಡಿದು ಕೂತಿದ್ದರು. ಮಾವಿನೆಲೆ ಅದ್ದಿ ಅದ್ದಿ, ರೇಡಿಯೋದ ಬೆನ್ನಿನ ತೂತುಗಳೊಳಗೆ ಎಳೆಗೂಸಿಗೆ ಔಷಧಿ ಕುಡಿಸುವಷ್ಟು ಅಕ್ಕರೆಯಿಂದ ಪ್ರೋಕ್ಷಿಸುತ್ತಿದ್ದರು.

"ಅಜ್ಜೀ! ಅದಕ್ಕೆ ನೀರು ಬೀಳ್ಬಾರ್ದು!"

"ನೀರಲ್ಲ ಕಣಪ್ಪ" ಎಂದರು ಅಜ್ಜಿ ಶಾಂತವಾಗಿ. "ಗಂಜಲ. ಅಶ್ವತ್ಥನ ಮನೆ ಹಸುವಿಂದು. ಒಂದು ಚಿಟಿಕೆ ಅರಿಸಿನಾನೂ ಹಾಕಿವ್ನಿ."

ದೇವಯ್ಯನಿಗೆ ಇಷ್ಟು ದಿನದ ಕಿಲುಬೆಲ್ಲ ಒಟ್ಟಿಗೇ ಅರ್ಥವಾಯಿತು. ಅವನು ಬಂದು ಹೋದಾಗಲೆಲ್ಲ ಈ ತಂಬಿಗೆ ಹೊರಬರುತ್ತಿತ್ತು. ಅವನ ಕೈ ಸೋಕಿದ್ದಕ್ಕೆ ಮದ್ದು, ಆ ಮದ್ದಿಗೆ ಕಿಲುಬು, ಕಿಲುಬಿಗೆ ಮತ್ತೆ ಅವನೇ.

"ನೀನು ಒಳ್ಳೆಯವ್ನೇ ಕಣಪ್ಪ, ನಿನ್ ಮೇಲೆ ನಂಗೇನೂ ಇಲ್ಲ. ಆದ್ರೆ ಇದು ಕೂರೋದು ದೇವರ ಗೂಡಿನ ಪಕ್ಕ. ನೀನು ಮುಟ್ಟಿದ್ದನ್ನ ಹಂಗೇ ಒಳಗಿಟ್ರೆ ಆಯ್ತದಾ, ನೀನೇ ಹೇಳು?"

ಒಳಗಿನಿಂದ ಬಂದ ಪ್ರಭುಸ್ವಾಮಿಯವರ ಮುಖ ಬೆವರಿತು. "ನಾನು ಇದನ್ನೆಲ್ಲ ನಂಬೋನಲ್ಲ ದೇವಯ್ಯ. ಸಂವಿಧಾನ ಬಂದು ಮೂರು ವರ್ಷ ಆಯ್ತು, ಆಫೀಸಲ್ಲಿ ಭಾಷಣಾನೇ ಮಾಡಿದೀನಿ. ಆದ್ರೆ ಅಮ್ಮಂಗೆ ವಯಸ್ಸಾಯ್ತು, ಏನ್ ಹೇಳೋಕಾಯ್ತದೆ?" ಎನ್ನುತ್ತ ತಿರುಪು ತಿರುಗಿಸಿದರು. ಕರಕರ! ಹೊತ್ತು ಇಳಿಯುತ್ತಿತ್ತು. ಆಗಲೇ ಚಾಪೆ ಹಾಸಲು ಜನ ಬರುತ್ತಿದ್ದರು.

ಅಜ್ಜಿಯ ಮೇಲೆ ಕೂಗಾಡಬಹುದಿತ್ತು. ಮಾತು ದೇವಯ್ಯನ ನಾಲಿಗೆಯವರೆಗೂ ಬಂದಿತ್ತು. ಆದರೆ ಕೂಗಾಡಿದರೆ ಹಾಡಿಲ್ಲ, ಹಾಡಿಲ್ಲದಿದ್ದರೆ ಕೆಲಸವಿಲ್ಲ. ಅವನು ಮೂರು ಹೆಜ್ಜೆ ಹಿಂದೆ ಸರಿದು ಅಂಗಳದಲ್ಲಿ ನಿಂತ.

"ಸಾರ್, ನೀವೇ ಮಾಡಿ. ನಾನು ಇಲ್ಲಿಂದ ಯೋಳ್ತೀನಿ. ನಾನು ಮುಟ್ಟದಿದ್ರೆ ಅಜ್ಜಿ ಚಿಮುಕ್ಸೋ ಹಾಗಿಲ್ಲ."

ಅಜ್ಜಿ ಯೋಚಿಸಿ ಒಪ್ಪಿದರು. ಅವನ ಬ್ರಷ್ಷು ಬೇಡವೆಂದರು. ಪೆಟ್ರೋಲು ಆಗಬಹುದು, ಬೆಂಕಿ ಹತ್ತುವ ವಸ್ತುವಿಗೆ ಮೈಲಿಗೆಯಿಲ್ಲ. ಪ್ರಭುಸ್ವಾಮಿಯವರು ಗಡ್ಡದ ಬ್ರಷ್ಷು ತಂದರು.

"ಆ ನಾಲಿಗೆ ಸಾರ್... ಅದಲ್ಲ, ಅದು ಸ್ಪೀಕರ್ ತಂತಿ... ಮೆತ್ತಗೆ, ಕೆನ್ನೆಗೆ ಸೋಪ್ ಹಚ್ಚೋ ಹಾಗೆ! ಈಗ ತಿರುಪು. ಪೂರ್ತಿ ತಿರುಗ್ಸಿ. ಇನ್ನೊಂದು ಸಲ... ಅಯ್ಯೋ, ಊದ್ಬೇಡಿ ಸಾರ್, ಎಂಜಲು ಹಾರ್ತದೆ!"

ಪ್ರಭುಸ್ವಾಮಿಯವರ ಕನ್ನಡಕ ಒಳಗೆ ಬಿತ್ತು, ತೆಗೆದರು. ಬೆರಳು ಕೊಯ್ದುಕೊಂಡರು, ಚೀಪಿದರು. ಚಾಪೆಯ ಮೇಲಿನ ಜನ ಉಸಿರು ಬಿಗಿಹಿಡಿದು ನೋಡಿದರು. ಕೊನೆಗೆ ರೇಡಿಯೋದ ಒಳಗೆ ದೀಪ ಹತ್ತಿತು, ತಿರುಪು ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ತಿರುಗಿತು.

"ಅವನು ಮುಟ್ಟಲಿಲ್ವಲ್ಲ?" ಎಂದರು ಅಜ್ಜಿ.

"ಇಲ್ಲಮ್ಮ."

ತಂಬಿಗೆ ಒಳಗೆ ಹೋಯಿತು.

ಪ್ರೇಮಲೀಲಾ ಹಾಡಿದಳು. ಎರಡು ಸಾಲಿನ ನಡುವೆ ಅವಳು ಉಸಿರೆಳೆದದ್ದೂ ಬೀದಿಗೆ ಕೇಳಿಸಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಗೇಟಿನ ಹೊರಗೆ ನಿಂತಿದ್ದ ದೇವಯ್ಯನೂ ತಲೆದೂಗಿದ. ಹಾಡಿಗೋ, ಕೆಲಸ ಉಳಿಯಿತೆಂಬ ನೆಮ್ಮದಿಗೋ ಅವನಿಗೇ ತಿಳಿಯಲಿಲ್ಲ. ಹಾಡು ಶುರುವಾಗುವ ಹೊತ್ತಿಗೆ ಜವರಯ್ಯನೂ ಬಂದು ಚಾಪೆಯ ಅಂಚಿನಲ್ಲಿ ಕೂತಿದ್ದ.

ಹಾಡು ಮುಗಿದು ಚಪ್ಪಾಳೆ ನಿಲ್ಲುತ್ತಲೇ ಅಶ್ವತ್ಥ ಎದ್ದುನಿಂತರು. "ಮೆಕ್ಯಾನಿಕ್ಕು ಬೆಳಿಗ್ಗೆಯಿಂದ ಒದ್ದಾಡಿದ್ರೂ ಆಗದ್ದನ್ನ ಪ್ರಭುಸ್ವಾಮಿಗಳು ಗಡ್ಡದ ಬ್ರಷ್ಷಲ್ಲಿ ಮಾಡಿಬುಟ್ರು ಕಣ್ರೀ! ನಾನು ಕಣ್ಣಾರೆ ಕಂಡೆ."

ಚಪ್ಪಾಳೆ ಮತ್ತೆ ಶುರುವಾಯಿತು. ಪ್ರಭುಸ್ವಾಮಿಯವರು ದೇವಯ್ಯನ ಕಡೆ ನೋಡಿದರು, ಏನೋ ಹೇಳಲು ಬಾಯಿ ತೆರೆದರು. ಆದರೆ ಚಪ್ಪಾಳೆ ಬೆಚ್ಚಗಿತ್ತು. "ಅಂಥದ್ದೇನಿಲ್ಲ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ" ಎಂದರು.

ಜವರಯ್ಯ ಗೇಟಿಗೆ ಬಂದ. "ಗುಮಾಸ್ತರು ಮಾಡಿದ್ದು ನಿನ್ ಕೈಲಿ ಆಗ್ಲಿಲ್ವೇನೋ?"

"ಯಜಮಾನ್ರೇ, ಮಾಡ್ಸಿದ್ದು ನಾನೇ."

"ನೀನು ಮುಟ್ಟಿದ್ಯಾ?"

ಅಲ್ಲಿಯವರೆಗೂ ಆ ಬೀದಿಯಲ್ಲಿ ಈ ಪ್ರಶ್ನೆಗೆ 'ಇಲ್ಲ' ಎಂಬುದೇ ಸರಿಯಾದ ಉತ್ತರವಾಗಿತ್ತು. "ಇಲ್ಲ" ಎಂದ ದೇವಯ್ಯ.

"ಮತ್ತೆ? ನಾಳೆಯಿಂದ ಬರ್ಬೇಡ" ಎಂದು ಜವರಯ್ಯ ಸೈಕಲ್ ಹತ್ತಿದ.

ಅಷ್ಟರಲ್ಲಿ ಅಶ್ವತ್ಥ ತಮ್ಮ ಮನೆಯ ರೇಡಿಯೋವನ್ನು ಹೊತ್ತು ತಂದರು. ಎದುರು ಮನೆಯವರೂ ತಂದರು. ಜಗುಲಿ ತುಂಬಿತು. ಪ್ರಭುಸ್ವಾಮಿಯವರು ಓಡೋಡಿ ಗೇಟಿಗೆ ಬಂದು ದನಿ ತಗ್ಗಿಸಿದರು.

"ದೇವಯ್ಯ, ಹೋಗ್ಬೇಡಪ್ಪ. ಸಂಜೆ ಸಂಜೆ ಬಂದು ಇಲ್ಲೇ ನಿಂತ್ಕೊಂಡು ಹೇಳು. ನಾನು ಮಾಡ್ತೀನಿ."

"ನಂಗೇನು ಕೊಡ್ತೀರಾ ಸಾರ್?"

"ಬಾಯಲ್ಲಿ ಹೇಳೋದಕ್ಕೆ ಕೊಡೋದೇನಯ್ಯ?" ಪ್ರಭುಸ್ವಾಮಿಯವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

ದೇವಯ್ಯ ಬೆನ್ನು ತಿರುಗಿಸಿದ. ಇನ್ನು ಈ ಬೀದಿಗೆ ಕಾಲಿಡುವುದಿಲ್ಲವೆಂದು ಆಣೆ ಮಾಡಿಕೊಂಡು ಸರಸರ ನಡೆದ. ನಾಲ್ಕು ಮನೆ ದಾಟಿರಬೇಕು, ಹಿಂದಿನಿಂದ ಯಾವುದೋ ತಿರುಪು ಕಿರ್ರೆಂದು ಒದರಿದ ಸದ್ದು ಬಂತು. ಬೇಡವೆಂದರೂ ಕತ್ತು ಹೊರಳಿತು. ಜಗುಲಿಯಲ್ಲಿ ಪ್ರಭುಸ್ವಾಮಿಯವರು ಅಶ್ವತ್ಥರ ರೇಡಿಯೋದ ಮೇಲೆ ಬಗ್ಗಿ, ಬಲಗಡೆಯ ಸ್ಕ್ರೂವನ್ನು ಮೈಮೇಲಿನ ಬಲವೆಲ್ಲ ಹಾಕಿ ತಿರುಚುತ್ತಿದ್ದರು.

"ಅದಲ್ಲ ಸಾರ್!" ಎಂದು ಕೂಗುತ್ತ ದೇವಯ್ಯ ವಾಪಸು ಓಡಿದ. "ಎಡಗಡೇದು! ಎಡಗಡೇದು!"