ಮಾಲಿಯನ್ನು ಎರಡನೇ ಸಲ ಜೈಲಿಗೆ ಕಳಿಸಿದ್ದು

ಐದಕ್ಕೆ ಎದ್ದು, ಆರಕ್ಕೆ ವಾಕಿಂಗ್ ಹೊರಟು, ಎಂಟಕ್ಕೆ ರೊಟ್ಟಿ ಮುಗಿಸುವ ಮನುಷ್ಯನಿಗೆ ಒಬ್ಬ ಕೊಲೆಗಾರನನ್ನು ಹಿಡಿಯುವುದು ಏನು ಮಹಾ ಕೆಲಸ ಎಂದು ನಾನು ತಿಳಿದಿದ್ದೆ.

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆತನ. ಬಹಳ ವರ್ಷಗಳ ಹಿಂದೆ, ಮಗ ಕಾಲೇಜಿನಲ್ಲಿದ್ದಾಗ, ಅವನ ಕಂಪ್ಯೂಟರಿನಲ್ಲಿ ನಾನು ಒಂದು ಪತ್ತೇದಾರಿ ಆಟ ಆಡಿದ್ದೆ. ಬೆಟ್ಟದ ಮೇಲೆ ಬಂಗಲೆ, ಅಲ್ಲೊಂದು ಕೊಲೆ, ಐದು ಜನರ ಮೇಲೆ ಸಂಶಯ. ಆಡುವವರೇ ಇನ್‌ಸ್ಪೆಕ್ಟರ್. ಯಾರನ್ನು ನಂಬುತ್ತೇವೋ ಅದರಂತೆ ಕಥೆ ಬೇರೆ ಬೇರೆ ದಾರಿ ಹಿಡಿಯುತ್ತದೆ. ನಾನು ಹಿಡಿದ ದಾರಿಯಲ್ಲಿ ನಿರಪರಾಧಿ ಮಾಲಿ ಜೈಲು ಸೇರಿದ. ಅವನ ಹೆಂಡತಿ ಗೇಟಿನ ಹತ್ತಿರ ನಿಂತು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಈಗ ಅದೇ ಆಟ ಹೊಸ ಬಣ್ಣ, ಹೊಸ ಧ್ವನಿಯೊಂದಿಗೆ ಮತ್ತೆ ಬಂದಿದೆ. ಮುಧೋಳದ ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆ ಸವಿತಾ ಅದನ್ನು ತರಿಸಿ, ಒಂದೂವರೆ ತಿಂಗಳಿಂದ ದಿನಾ ಸಂಜೆ ಟಿ.ವಿ.ಗೆ ಜೋಡಿಸಿ ಆಡುತ್ತಿದ್ದಳು. ಒಂದೊಂದೇ ಸಾಕ್ಷಿ ಹುಡುಕಿ ಕೊನೆಯ ಅಧ್ಯಾಯಕ್ಕೆ ಬಂದಿದ್ದಳು. ಭಾನುವಾರ ಲೋಕಾಪುರದಿಂದ ಅವಳ ತಂಗಿ ಬಂದ ಮೇಲೆ ಇಬ್ಬರೂ ಕೂಡಿ ಕೊಲೆಗಾರನನ್ನು ಹಿಡಿಯುವುದೆಂದು ಮಾತಾಗಿತ್ತು.

ಮಾಲಿಯ ಋಣ ತೀರಿಸಲು ನನಗೂ ಒಂದು ಅವಕಾಶ ಬೇಕೆಂದೆ. ಸವಿತಾ ನನ್ನ ಹೆಸರಿನಲ್ಲಿ ಬೇರೆ ಆಟ ತೆರೆದು ಕೊಟ್ಟಳು.

"ಮಾವಾರ, ಪಟ್ಟಿಯಾಗ ಎರಡನೇದು ನಿಮ್ಮದು. ಮ್ಯಾಲಿಂದು ನಂದು. ಅದನ್ನ ಮುಟ್ಟಬ್ಯಾಡ್ರಿ."

"ಮೂವತ್ತೆಂಟು ವರ್ಷ ಮಗ್ಗ ನಡಿಸೇನಿ. ನನಗ ಮ್ಯಾಲ ಕೆಳಗ ತಿಳಿಯೂದಿಲ್ಲೇನು?" ಎಂದೆ.

ಶುಕ್ರವಾರ ಮಧ್ಯಾಹ್ನ ಸರಿಯಾಗಿ ಮೂರಕ್ಕೆ ಕುಳಿತೆ. ಯಾವುದೇ ಪಟ್ಟಿಯನ್ನು ಮೇಲಿನಿಂದ ಶುರು ಮಾಡುವುದು ನನ್ನ ಶಿಸ್ತು. ಮೇಲಿನಿಂದಲೇ ಶುರು ಮಾಡಿದೆ.

ಆಟ ತೆರೆದ ಕೂಡಲೇ ನಾನು ದೊಡ್ಡ ಕೋಣೆಯಲ್ಲಿ ನಿಂತಿದ್ದೆ. ಐವರು ಶಂಕಿತರೂ ಎದುರಿಗೆ ಸಾಲಾಗಿ ಕುಳಿತಿದ್ದರು. ನನ್ನ ಚೀಲದಲ್ಲಿ ಸಾಕ್ಷಿಗಳು ತುಂಬಿ ತುಳುಕುತ್ತಿದ್ದವು. ಹಿಂದಿನ ಆಟದಲ್ಲಿ ಅಂಗಿಯ ಒಂದು ಗುಂಡಿ ಹುಡುಕಲು ಮೂರು ದಿನ ತೋಟ ಸುತ್ತಿದ್ದೆ. ಹಿರಿಯ ನಾಗರಿಕರಿಗೆ ಈಗ ಎಷ್ಟೊಂದು ಅನುಕೂಲ ಮಾಡಿದ್ದಾರೆ ಎಂದು ಸಂತೋಷಪಟ್ಟೆ.

"ಕೊಲೆ ಮಾಡಿದವರು ಯಾರು?" ಎಂದು ಪರದೆ ಕೇಳಿತು. ಕೆಳಗೆ ಐದು ಹೆಸರುಗಳಿದ್ದವು. ಮೊದಲನೆಯದೇ ಮಾಲಿಯದು. ಈ ಸಲ ಆತುರ ಬೇಡವೆಂದು ಕನ್ನಡಕ ಒರೆಸಿಕೊಂಡು, ಒಂದೊಂದೇ ಹೆಸರು ಓದುತ್ತಾ ಬಂದೆ. ಹಳೆಯ ಆಟ ನಾವು ಊಟ ಮಾಡಿ ಬಂದರೂ ಕಾಯುತ್ತಿತ್ತು. ಹೊಸದು ಕಾಯುವುದಿಲ್ಲ. ಹೆಸರುಗಳ ಕೆಳಗೆ ಒಂದು ಕೆಂಪು ಗೆರೆ ಚಿಕ್ಕದಾಗುತ್ತಾ ಬಂದು ಮಾಯವಾಯಿತು. ನಾನಿನ್ನೂ ಮೂರನೇ ಹೆಸರಿನ ಮೇಲಿದ್ದೆ. ಉತ್ತರ ಕೊಡದವರ ಪರವಾಗಿ ಆಟವೇ ಮೊದಲನೇ ಹೆಸರು ಆರಿಸುತ್ತದಂತೆ.

ಪೊಲೀಸರು ಮಾಲಿಗೆ ಬೇಡಿ ಹಾಕಿದರು. ಅವನ ಹೆಂಡತಿ ಗೇಟಿನ ಹತ್ತಿರ ಬಂದು ನಿಂತಳು. ಹವಾಲ್ದಾರ ಸೆಲ್ಯೂಟ್ ಹೊಡೆದು, "ನೀವು ಹೇಳಿದಂತೆಯೇ ಆಗಲಿ, ಇನ್‌ಸ್ಪೆಕ್ಟರ್ ಸವಿತಾ" ಎಂದ.

ಸವಿತಾ!

ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚಕ್ರ ತಿರುಗತೊಡಗಿತು. "ಉಳಿಸಲಾಗುತ್ತಿದೆ, ಬಂದ್ ಮಾಡಬೇಡಿ" ಎಂಬ ಅರ್ಥದ ಇಂಗ್ಲಿಷ್ ಸಾಲು ಬಂತು. ಮಗ್ಗದಲ್ಲಿ ಲಾಳಿ ಸಿಕ್ಕಿಕೊಂಡು ನೂಲು ಹರಿಯತೊಡಗಿದರೆ ನೇಕಾರ ಸಾಲು ಓದುತ್ತಾ ನಿಲ್ಲುವುದಿಲ್ಲ. ಪಡಸಾಲೆಗೆ ಓಡಿ ಇಡೀ ಮನೆಯ ಮೇನ್ ಸ್ವಿಚ್ ಕೆಳಗೆ ಎಳೆದೆ.

ಅಡಿಗೆಮನೆಯಲ್ಲಿ ಮಿಕ್ಸರ್ ನಿಂತಿತು. ನನ್ನ ಹೆಂಡತಿ ಶಾಂತವ್ವ ಹೊರಗೆ ಬಂದಳು.

"ಏನಾತ್ರಿ?"

"ಏನಿಲ್ಲ. ಮಾಲಿಗಿ ಮತ್ತ ಜೈಲಾತು. ಸವಿತಾನ ಆಟನೂ ಹಾಳಾತು."

"ಒಂದೂವರಿ ತಿಂಗಳ ಕೆಲಸ ಅರ್ಧಾ ತಾಸಿನ್ಯಾಗ ಮುಗಿಸಿದ್ರ್ಯಾ? ಮಗ್ಗದಾಗ ಹಿಂಗ ಓಡಿದ್ರ ಈಗ ನಾವೂ ಬಂಗಲೇದಾಗ ಇರ್ತಿದ್ವಿ."

ಸಂಜೆ ಆರೂವರೆಗೆ ಸವಿತಾ ಬಂದಳು. ಚಹಾ ಕುಡಿಯಲೂ ಬಿಡದೆ, ಠಾಣೆಗೆ ಶರಣಾಗಲು ಬಂದವನಂತೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಕೈಚೀಲ ಬದಿಗಿಟ್ಟು ಟಿ.ವಿ. ಹಚ್ಚಿದಳು. ಚಕ್ರ ತಿರುಗಿತು.

ದೊಡ್ಡ ಕೋಣೆ ಕಾಣಿಸಿತು. ಐವರೂ ಸಾಲಾಗಿ ಕುಳಿತಿದ್ದರು. ಮಾಲಿಯ ಕೈಯಲ್ಲಿ ಬೇಡಿ ಇರಲಿಲ್ಲ!

"ನಿನ್ನೆ ನಾ ಬಿಟ್ಟಲ್ಲೇ ಐತ್ರಿ," ಎಂದು ಸವಿತಾ ಸೋಫಾದ ಮೇಲೆ ಕುಸಿದು ಕುಳಿತಳು. "ಹೊಸದು ಬರಕೊಳ್ಳೂದರಾಗ ಕರೆಂಟ್ ಹೋಗೇತಿ. ಒಂದು ಗಳಿಗಿ ತಡಾ ಆಗಿದ್ರ ಎಲ್ಲಾ ಹೋಗ್ತಿತ್ತು. ಮೇನ್ ತಗೀಬೇಕಂತ ನಿಮಗ ಹೆಂಗ ಹೊಳೀತು ಮಾವಾರ?"

ಮೂರು ತಾಸಿನಿಂದ ಬಿಗಿಹಿಡಿದ ಉಸಿರು ಬಿಟ್ಟೆ. ಬೆನ್ನು ನೆಟ್ಟಗಾಯಿತು. ಗಂಟಲು ಸರಿಮಾಡಿಕೊಂಡೆ.

"ಅದು ಏನೈತಿ ಅಂದ್ರ, ಇಷ್ಟು ವರ್ಷದ ಅನುಭವದಾಗ, ಯಾವ ಹೊತ್ತಿನ್ಯಾಗ ಏನು ಬಂದ್ ಮಾಡಬೇಕಂತ ಲೆಕ್ಕಾ ಹಾಕಿ..."

"ಅನುಭವ ಅಲ್ಲವ್ವಾ, ಅಂಜಿಕಿ," ಎಂದಳು ಶಾಂತವ್ವ. "ಲೆಕ್ಕಾ ಹಾಕಿ ಮೇನಿಗಿ ಕೈ ಹಚ್ಚೂದಾದ್ರ ಮೊದಲ ರಬ್ಬರ್ ಚಪ್ಪಲಿ ಮೆಟ್ಟತಾರ. ಮದಿವ್ಯಾದಾಗಿಂದ ನೋಡೇನಿ. ಇವತ್ತ ಬರಿಗಾಲೀಲೇ ಓಡ್ಯಾರ."

ಮೂವರೂ ನನ್ನ ಪಾದಗಳನ್ನು ನೋಡಿದೆವು. ಚಪ್ಪಲಿ ಬಾಗಿಲಲ್ಲೇ ಜೋಡಿಯಾಗಿ, ಅತ್ಯಂತ ಶಿಸ್ತಿನಿಂದ ಕುಳಿತಿದ್ದವು.

ಆ ದಿನ ನಮ್ಮ ಮನೆಯಲ್ಲಿ ಸರಿಯಾಗಿ ನಡೆದ ಪತ್ತೇದಾರಿ ಕೆಲಸ ಅದೊಂದೇ. ಅದನ್ನು ಮಾಡಿದವಳು ಕಡಲೆಬೇಳೆ ಆರಿಸುತ್ತಾ ಕುಳಿತಿದ್ದಳು. ನಾನು ಅಪರಾಧಿಯ ಜಾಗದಲ್ಲಿ ನಿಂತಿದ್ದೆ.