ಟಪಾಲು ಶಾಖೆಯ ಗೋಡೆಯ ಮೇಲಿನ ಎಂಟು ಚಿತ್ರಗಳ ಕುರಿತು

ಸುತ್ತೋಲೆ

ಸಂಖ್ಯೆ: ವಿ.ಕ/ಟಪಾಲು/ಗೋಡೆ/08/2025-26
ವಿಭಾಗ ಕಚೇರಿ, ಶಿವಮೊಗ್ಗ
ದಿನಾಂಕ: 14.07.2025

ವಿಷಯ: ಕಲಿಕೆಯ ತೊಡಕುಳ್ಳ ಯುವಜನರ ಬೆಂಬಲಿತ ಉದ್ಯೋಗ ಯೋಜನೆಯಡಿ ಈ ಕಚೇರಿಗೆ ನಿಯೋಜಿತರಾದ ಕುಮಾರಿ ತನುಜಾ ಇವರು ನಿಜವಾಗಿಯೂ ಕೆಲಸ ಮಾಡುತ್ತಿರುವುದರಿಂದ ಉದ್ಭವಿಸಿರುವ ಪರಿಸ್ಥಿತಿ ಬಗ್ಗೆ.

ಉಲ್ಲೇಖ:
1. ಯೋಜನೆಯ ಮಾರ್ಗಸೂಚಿ (ಹುಡುಕಲಾಗುತ್ತಿದೆ).
2. ಭದ್ರಾವತಿಯ ಶ್ರೀಮತಿ ನಂಜಮ್ಮ ಇವರ ಮೌಖಿಕ ದೂರು, ದಿ: 09.07.2025 (ಕಚೇರಿಗೆಲ್ಲ ಕೇಳಿಸಿದೆ).
3. ವಿಷಯ ನಿರ್ವಾಹಕ ಶ್ರೀ ಪರಮೇಶ್ವರಪ್ಪ ಇವರ ಮನನೊಂದ ಟಿಪ್ಪಣಿ, ಅದೇ ದಿನಾಂಕ.

ಪ್ರಸ್ತಾವನೆ:

ಇಪ್ಪತ್ತೊಂದು ವರ್ಷದ ತನುಜಾ ಇವರನ್ನು ಆರು ತಿಂಗಳ ಅವಧಿಗೆ, ಅಂದರೆ 31.07.2025ರವರೆಗೆ, ಟಪಾಲು ಶಾಖೆಗೆ ತೆಗೆದುಕೊಳ್ಳಲಾಗಿರುತ್ತದೆ. ಫೆಬ್ರವರಿಯಲ್ಲಿ ಬ್ಯಾನರ್ ಕಟ್ಟಿ, ಹಾರ ಹಾಕಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಯಲಾಗಿದ್ದು, ಯೋಜನೆಯ ಉದ್ದೇಶ ಅಂದು ಮಧ್ಯಾಹ್ನದ ಊಟದೊಳಗೆ ಈಡೇರಿರುತ್ತದೆ. ಮಾರನೆಯ ದಿನವೂ ಅವರು ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಬಂದರು. ಹತ್ತು ಗಂಟೆಗೇ ಬಂದರು. ಬೀಗ ತೆಗೆಯುವವರು ಬರುವವರೆಗೆ ಮೆಟ್ಟಿಲ ಮೇಲೆ ಕೂತಿದ್ದರು.

ಮೊದಲೆರಡು ತಿಂಗಳು ಅವರ ಜೊತೆಗಿದ್ದು ಕೆಲಸ ಕಲಿಸಿದ ಸ್ವಯಂಸೇವಾ ಸಂಸ್ಥೆಯ ಶ್ರೀಮತಿ ರುಬೀನಾ ಇವರು, ಬರಹಕ್ಕಿಂತ ಚಿತ್ರ ನೋಡಿದರೆ ತನುಜಾರಿಗೆ ಕೆಲಸ ನೆನಪಿರುತ್ತದೆಂದು, ಒಂದು ಅರ್ಜಿ ಈ ಕಚೇರಿಯಲ್ಲಿ ಸಾಗಬೇಕಾದ ದಾರಿಯನ್ನು ಎಂಟು ಚಿತ್ರಗಳಲ್ಲಿ ಬರೆದು ಗೋಡೆಗೆ ಅಂಟಿಸಿರುತ್ತಾರೆ. ಕಿಟಕಿ, ಮೊಹರು, ವಹಿ, ಪರಮೇಶ್ವರಪ್ಪನವರ ಮೇಜು, ಕೆಳಸಹಿದಾರರ ಪೆನ್ನು, ಲಕೋಟೆ, ಟಪಾಲು ಚೀಲ, ಕೊನೆಗೆ ಅರ್ಜಿದಾರರ ಕೈ. ಮೊದಲ ಚಿತ್ರದ ಮೇಲೆ ಹುಟ್ಟುವ ಸೂರ್ಯ, ಎಂಟನೆಯದರ ಮೇಲೆ ಮುಳುಗುವ ಸೂರ್ಯ. ನಡುವೆ ಇನ್ನೊಂದು ಸೂರ್ಯ ಇಲ್ಲ. ತಮ್ಮ ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಈ ದಾರಿಯನ್ನು ಪೂರ್ತಿಯಾಗಿ ಕೆಳಸಹಿದಾರರು ನೋಡಿದ್ದು ಇದೇ ಮೊದಲು.

ದಿ: 09.07.2025ರಂದು, ವಿಳಾಸ ಬದಲಾವಣೆಗೆ ಹನ್ನೊಂದು ತಿಂಗಳ ಹಿಂದೆ ಅರ್ಜಿ ಕೊಟ್ಟು ಈ ನಡುವೆ ಮತ್ತೆರಡು ಮನೆ ಬದಲಾಯಿಸಿರುವ ನಂಜಮ್ಮ, ಓದು ಬಾರದವರು, ಆ ಚಿತ್ರಗಳ ಮೇಲೆ ಬೆರಳಿಟ್ಟುಕೊಂಡು ಕೊನೆಯವರೆಗೂ ಹೋಗಿ ಆಡಿದ ಮಾತನ್ನು ಯಥಾವತ್ತಾಗಿ ದಾಖಲಿಸಿದೆ: “ಇಲ್ಲಿ ಬೆಳಿಗ್ಗೆ ಸೂರ್ಯ ಇದಾನೆ, ಅಲ್ಲಿ ಸಂಜೆ ಸೂರ್ಯ ಇದಾನೆ. ನಾನು ಕೊಟ್ಟು ಹನ್ನೊಂದು ತಿಂಗ್ಳಾಯ್ತಲ್ಲ ಸ್ವಾಮಿ, ನಿಮ್ಮ ಆಫೀಸಲ್ಲಿ ಸೂರ್ಯ ಮುಳುಗೋದೇ ಇಲ್ವಾ?” ಇದಕ್ಕೆ ಪರಮೇಶ್ವರಪ್ಪನವರು, “ಅಯ್ಯೋ ಅಜ್ಜಿ, ಅದು ಆ ಹುಡುಗಿಗೆ ಹಾಕಿರೋದು, ನಮಗಲ್ಲ” ಎಂದು ಸಮರ್ಪಕವಾಗಿಯೇ ಉತ್ತರಿಸಿದ್ದು, ಸರತಿಯಲ್ಲಿದ್ದ ಹದಿನಾಲ್ಕು ಮಂದಿ ನಕ್ಕಿದ್ದು ಅತ್ಯಂತ ಖೇದಕರ.

ಆದ್ದರಿಂದ ಸಂಬಂಧಪಟ್ಟವರೂ, ಸಂಬಂಧವೇ ಇಲ್ಲವೆಂದು ಸುಮ್ಮನಿರುವವರೂ ಕೆಳಕಂಡಂತೆ ನಡೆದುಕೊಳ್ಳತಕ್ಕದ್ದೆಂದು ಸೂಚಿಸಲಾಗಿದೆ.

1. ಚಿತ್ರ ನೋಡಿ ಕೆಲಸ ಮಾಡುವ ಸವಲತ್ತು ತನುಜಾರಿಗೆ ಮಾತ್ರ. ಖಾಯಂ ನೌಕರರು ಆ ಗೋಡೆಯ ಮುಂದೆ ಹಾಯುವಾಗ ತಲೆ ತಗ್ಗಿಸತಕ್ಕದ್ದು. ಇಬ್ಬರು ದ್ವಿತೀಯ ದರ್ಜೆ ಸಹಾಯಕರು ಚಿತ್ರ ನೋಡಿ, ಊಟದ ಹೊತ್ತಿಗೇ ಕೆಲಸ ಮುಗಿಸಿ ಕೈಕಟ್ಟಿ ಕೂತಿದ್ದು ಕಂಡುಬಂದಿದ್ದು, ಅವರನ್ನು ಕರೆದು ಬುದ್ಧಿ ಹೇಳಲಾಗಿದೆ.

2. ತನುಜಾ ಬರುವವರೆಗೆ ದಿನಾಂಕದ ಮೊಹರು ಮೂರು ವರ್ಷಗಳಿಂದ ಒಂದೇ ತಾರೀಖಿನಲ್ಲಿ ನೆಮ್ಮದಿಯಾಗಿತ್ತು. ಅವರು ದಿನಾ ಬೆಳಿಗ್ಗೆ ಅದನ್ನು ತಿರುಗಿಸುತ್ತಿರುವುದರಿಂದ, ಯಾವ ಅರ್ಜಿ ಯಾವತ್ತು ಬಂತೆಂದು ದಾರಿಹೋಕರೂ ಹೇಳುವಂತಾಗಿದೆ. ಸದರಿ ಮೊಹರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿ ಎಲ್ಲಿದೆಯೆಂಬುದನ್ನು ಮರೆಯತಕ್ಕದ್ದು.

3. ಐದನೇ ಚಿತ್ರದಲ್ಲಿ ಕೆಳಸಹಿದಾರರು ಅರ್ಜಿಯನ್ನು ಓದಿ, ನಗುತ್ತಾ ಸಹಿ ಹಾಕುತ್ತಿರುವಂತೆ ತೋರಿಸಲಾಗಿದೆ. ಅವರು ಓದಿದ್ದಕ್ಕಾಗಲಿ ನಕ್ಕಿದ್ದಕ್ಕಾಗಲಿ ಕಚೇರಿಯಲ್ಲಿ ದಾಖಲೆ ಇರುವುದಿಲ್ಲ. ಕಾಗದ ತಂದವರು ಪೆನ್ಸಿಲ್‌ನಿಂದ ದುಂಡಗೆ ಗುರುತು ಮಾಡಿದ ಜಾಗದಲ್ಲಿ ಕೆಳಸಹಿದಾರರು ಸಹಿ ಹಾಕುವುದು ಇಲ್ಲಿನ ಪದ್ಧತಿಯಾಗಿದ್ದು, ಈ ಪದ್ಧತಿಗೆ ಇಂದಿನವರೆಗೆ ಒಂದು ದಿನವೂ ಲೋಪ ಬಂದಿಲ್ಲ. ಚಿತ್ರದಲ್ಲಿನ ಹೊಟ್ಟೆಯ ಅಳತೆ ಬಗ್ಗೆ ಪ್ರತ್ಯೇಕವಾಗಿ ಪತ್ರ ಬರೆಯಲಾಗುವುದು.

4. ಕೈಬಿಡಲಾಗಿದೆ. (ಪರಮೇಶ್ವರಪ್ಪನವರು ಇದರ ಕರಡನ್ನು ಇನ್ನೂ ಕೊಟ್ಟಿರುವುದಿಲ್ಲ.)

5. ಎಂಟು ಚಿತ್ರಗಳ ಬದಲು ವಾಸ್ತವಕ್ಕೆ ಹತ್ತಿರವಾದ ಹೊಸ ಚಿತ್ರಮಾಲೆ ಅಂಟಿಸತಕ್ಕದ್ದು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಖಾಲಿ ಕುರ್ಚಿ, ಕುರ್ಚಿಯ ಬೆನ್ನಿಗೆ ಟವೆಲ್, ಚಹದ ಲೋಟ, ‘ಸರ್ವರ್ ಇಲ್ಲ’ ಎಂಬ ಚೀಟಿ, ಮತ್ತೆ ಚಹದ ಲೋಟ, ಈ ಸಲ ವಡೆ ಸಹಿತ, ಮೀಟಿಂಗ್ ನಡೆಯುತ್ತಿರುವ ಮುಚ್ಚಿದ ಬಾಗಿಲು, ‘ನಾಳೆ ಬನ್ನಿ’ ಎನ್ನುವ ಕೈ. ಸೂರ್ಯರ ಸಂಖ್ಯೆ ತೊಂಬತ್ತಕ್ಕಿಂತ ಕಡಿಮೆ ಇರಬಾರದು. ಶಿವಮೊಗ್ಗದ ಗೋಡೆ ಸಾಲದಿದ್ದಲ್ಲಿ ಉಳಿದ ಸೂರ್ಯರನ್ನು ಭದ್ರಾವತಿ ಶಾಖೆಯ ಗೋಡೆಗೆ ಅಂಟಿಸತಕ್ಕದ್ದು. ಅರ್ಜಿದಾರರು ಪೂರ್ತಿ ನೋಡಬೇಕೆಂದರೆ ಬಸ್ಸು ಹತ್ತಿ ಹೋಗಿ ನೋಡಿಕೊಳ್ಳಲಿ.

6. ತನುಜಾರಿಗೆ ತ್ರಾಸವಾಗಬಾರದೆಂಬ ಕರುಣೆಯಿಂದ ಅವರಿಗೆ ಇನ್ನು ಕೆಲಸ ಕೊಡಬಾರದು. ಬದಲಿಗೆ ಪ್ರತಿಯೊಬ್ಬ ನೌಕರರೂ ದಿನಕ್ಕೆರಡು ಬಾರಿ, ಅವರಿಗೆ ಕೇಳಿಸುವಂತೆ, ‘ಪಾಪ’ ಎನ್ನತಕ್ಕದ್ದು. ಇದನ್ನು ಪ್ರಾಯೋಗಿಕವಾಗಿ ಜಾರಿಗೊಳಿಸಿದಾಗ ಅವರು “ಪಾಪ ಅನ್ಬೇಡಿ ಸರ್, ಫೈಲ್ ಕೊಡಿ” ಎಂದಿರುತ್ತಾರೆ. ಇದನ್ನು ಅಶಿಸ್ತು ಎಂದು ಪರಿಗಣಿಸದೆ, ಪಾಪ ಎಂದೇ ಪರಿಗಣಿಸತಕ್ಕದ್ದು.

7. ತಮ್ಮನ್ನು ಕೆಲಸದಲ್ಲಿ ಮುಂದುವರಿಸಬೇಕೆಂದು ತನುಜಾ 02.06.2025ರಂದು ಯೋಜನೆಯ ಮುದ್ರಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಿರುತ್ತಾರೆ. ಅದಕ್ಕೆ ತಾವೇ ಮೊಹರು ಹಾಕಿ, ತಾವೇ ವಹಿಯಲ್ಲಿ ಬರೆದು, ಪರಮೇಶ್ವರಪ್ಪನವರ ಮೇಜಿನ ಮೇಲಿಟ್ಟರು. ಕಾರಣ ಎಂಬ ಕಾಲಂನಲ್ಲಿ ‘ಮೂರು ವರ್ಷ ಮನೇಲಿ ಸುಮ್ನೆ ಕೂತಿದ್ದೆ. ಇನ್ನು ಕೂರಲ್ಲ’ ಎಂದಿದ್ದು, ಇಂತಹ ಕಾರಣಕ್ಕೆ ನಿಯಮಗಳಲ್ಲಿ ಅವಕಾಶ ಇದ್ದಂತಿಲ್ಲ. ಅಂದಿನಿಂದ ದಿನಾ ಸಂಜೆ ಹೊರಡುವಾಗ “ಸರ್, ನಂದು ಎಷ್ಟನೇ ಚಿತ್ರದಲ್ಲಿದೆ?” ಎಂದು ಕೇಳುವುದೂ, “ನಾಲ್ಕರಲ್ಲೇ ಇದೆ ಮಾರಾಯ್ತಿ, ಅದೆಲ್ಲಿ ಓಡಿಹೋಗುತ್ತೆ” ಎಂದು ಪರಮೇಶ್ವರಪ್ಪನವರು ಹೇಳುವುದೂ ನಲವತ್ತೆರಡು ದಿನಗಳಿಂದ ನಡೆದಿದ್ದು, ಈ ಪ್ರಶ್ನೆಯಿಂದ ಸಿಬ್ಬಂದಿಯ ಮನೋಬಲ ಕುಗ್ಗಿರುತ್ತದೆ. ಅರ್ಜಿಯನ್ನು ತಿರಸ್ಕರಿಸಲು ತೀರ್ಮಾನಿಸಿದೆ. ತನುಜಾರ ಬಿಡುಗಡೆ ಆದೇಶದ ಕರಡನ್ನು ಪರಮೇಶ್ವರಪ್ಪನವರು ಸಿದ್ಧಪಡಿಸತಕ್ಕದ್ದು. ಅವರ ಮೇಜಿನ ಮೇಲೆ ಈ ಹುಡುಗಿಗೆ ಸಂಬಂಧಿಸಿದ ಕಾಗದ ಏನೇನಿದೆಯೋ ಎಲ್ಲವೂ ಇಂದೇ ಕೆಳಸಹಿದಾರರ ಮುಂದೆ ಬರತಕ್ಕದ್ದು. ತರಲು ಬೇರಾರೂ ಸೀಟಿನಲ್ಲಿ ಇಲ್ಲದ ಕಾರಣ ತನುಜಾ ಅವರೇ ತರತಕ್ಕದ್ದು.

8. ಈ ಸುತ್ತೋಲೆ ಇಂದು ಸಂಜೆ ಐದೂವರೆಗೆ ಜಾರಿಗೆ ಬರತಕ್ಕದ್ದು. ಅಲ್ಲಿಯವರೆಗೆ ಹಳೆಯ ಎಂಟು ಚಿತ್ರಗಳೇ ಚಾಲ್ತಿ.

ಸಹಿ/-
(ವಿಶ್ವಾರಾಧ್ಯ)
ವಿಭಾಗಾಧಿಕಾರಿ

ಮೇಲ್ಕಂಡ ಸುತ್ತೋಲೆಗೆ ತಿದ್ದೋಲೆ
ದಿನಾಂಕ: 25.07.2025

ಕಂಡಿಕೆ 7ರ ಪ್ರಕಾರ ತನುಜಾ ಅಂದು ಮಧ್ಯಾಹ್ನ ಎರಡು ಕಾಗದಗಳನ್ನು ತಂದಿರುತ್ತಾರೆ. ಒಂದು, ಇನ್ನೂ ಸಹಿಯಾಗದಿದ್ದ ಮೇಲ್ಕಂಡ ಸುತ್ತೋಲೆ. ಇನ್ನೊಂದು, ಅವರದೇ ಅರ್ಜಿ. ನಮೂನೆಯ ಕೆಳಗೆ ‘ಸದರಿಯವರನ್ನು ಮುಂದುವರಿಸಿ ಆದೇಶಿಸಿದೆ’ ಎಂದು ಮೊದಲೇ ಅಚ್ಚಾಗಿರುತ್ತದೆಂಬುದು ಯಾರ ಗಮನಕ್ಕೂ ಬಂದಿರಲಿಲ್ಲ. ಕಂಡಿಕೆ 3ರಲ್ಲಿ ಹೊಗಳಿರುವ ಪದ್ಧತಿಯಂತೆ ತನುಜಾ ಎರಡರ ಮೇಲೂ ದುಂಡಗೆ ಗುರುತು ಮಾಡಿದರು; ಅದೇ ಪದ್ಧತಿಯಂತೆ ಕೆಳಸಹಿದಾರರು ಎರಡಕ್ಕೂ ಸಹಿ ಹಾಕಿದರು. ಕಂಡಿಕೆ 8ರಂತೆ ಹಳೆಯ ಚಿತ್ರಗಳೇ ಚಾಲ್ತಿಯಲ್ಲಿದ್ದ ಪ್ರಯುಕ್ತ ಎರಡೂ ಕಾಗದಗಳು ಸೂರ್ಯ ಮುಳುಗುವುದರೊಳಗೆ ರವಾನೆಯಾದವು. ಎಂಟನೇ ಚಿತ್ರದಂತೆ ತನುಜಾ ಆದೇಶವನ್ನು ಅರ್ಜಿದಾರರ ಕೈಗೆ, ಅಂದರೆ ತಮ್ಮದೇ ಕೈಗೆ ಕೊಟ್ಟುಕೊಂಡು, ತಮ್ಮಿಂದಲೇ ಸ್ವೀಕೃತಿ ಬರೆಸಿಕೊಂಡು ವಹಿಯಲ್ಲಿ ಅಂಟಿಸಿರುತ್ತಾರೆ.

ಪರಮೇಶ್ವರಪ್ಪನವರು ಗಾಬರಿಯಿಂದ “ಏನಮ್ಮಾ ಇದು, ಸಾಹೇಬ್ರು ಓದಿದ್ರಾ?” ಎಂದು ಕೇಳಲಾಗಿ, ತನುಜಾ “ಚಿತ್ರದಲ್ಲಿ ಓದ್ತಾರೆ ಸರ್. ಇವತ್ತು ಓದ್ಲಿಲ್ಲ” ಎಂದು ಹೇಳಿಕೆ ನೀಡಿರುತ್ತಾರೆ. ಕೆಳಸಹಿದಾರರು ಮೂರು ದಿನ ಕನ್ನಡಕ ಹಾಕಿಯೂ ತೆಗೆದೂ ನೋಡಿದ್ದು, ಸಹಿ ಅವರದೇ ಎಂದು ದೃಢಪಟ್ಟಿದೆ. ಅವರಿಗೆ ನಾಚಿಕೆಯಾಗಿದೆಯೇ ಎಂಬ ಪ್ರಶ್ನೆ ಈ ತಿದ್ದೋಲೆಯ ವ್ಯಾಪ್ತಿಗೆ ಬರುವುದಿಲ್ಲ.

ಆದೇಶ ರದ್ದಾಗುವವರೆಗೆ ತನುಜಾ ಕೆಲಸದಲ್ಲಿ ಮುಂದುವರಿಯತಕ್ಕದ್ದು. ರದ್ದುಪಡಿಸುವ ಕರಡು ಬರೆಯಲು ಕಡತವನ್ನು 18.07.2025ರಂದೇ ಪರಮೇಶ್ವರಪ್ಪನವರಿಗೆ ಕಳುಹಿಸಲಾಗಿದೆ. ನಿನ್ನೆ ಸಂಜೆ ಕೆಳಸಹಿದಾರರು ಖುದ್ದಾಗಿ ಅವರ ಮೇಜಿನ ಬಳಿ ಹೋಗಿ ವಿಚಾರಿಸಲಾಗಿ, ತಲೆಯೆತ್ತದೆ “ನಾಲ್ಕರಲ್ಲೇ ಇದೆ ಸರ್, ಅದೆಲ್ಲಿ ಓಡಿಹೋಗುತ್ತೆ” ಎಂದಿರುತ್ತಾರೆ.

ಸಹಿ/- (ಈ ಸಲ ಓದಿ ಹಾಕಲಾಗಿದೆ)
(ವಿಶ್ವಾರಾಧ್ಯ)
ವಿಭಾಗಾಧಿಕಾರಿ

ಪ್ರತಿಗಳು:
1. ಭದ್ರಾವತಿ ಶಾಖೆಗೆ, ಗೋಡೆ ಖಾಲಿ ಮಾಡಿಟ್ಟುಕೊಳ್ಳಲು.
2. ಶ್ರೀಮತಿ ರುಬೀನಾ ಅವರಿಗೆ, ತೊಂಬತ್ತು ಸೂರ್ಯರನ್ನು ಬರೆದುಕೊಡಲು. (ಬರೆಯುವುದಿಲ್ಲವೆಂದು ಫೋನಿನಲ್ಲಿ ತಿಳಿಸಿದ್ದಾರೆ.)
3. ಶ್ರೀಮತಿ ನಂಜಮ್ಮ, ಭದ್ರಾವತಿ, ಇವರಿಗೆ, ಹಳೆಯ ವಿಳಾಸಕ್ಕೆ.
4. ಶ್ರೀ ಪರಮೇಶ್ವರಪ್ಪ ಅವರ ಮೇಜಿಗೆ, ಈಗಾಗಲೇ ಇರುವುದರ ಮೇಲೆ.
5. ಕುಮಾರಿ ತನುಜಾ, ಟಪಾಲು ಶಾಖೆ, ಇವರಿಗೆ, ರವಾನೆಗಾಗಿ.

ರವಾನಿಸಿದೆ. 25.07.2025, ಸಂಜೆ 4.00. ಮೊಹರು ಹಾಕಿದೆ. ಬೀರುವಿನ ಕೀಲಿ ಕ್ಯಾಲೆಂಡರ್ ಹಿಂದೆ ಇತ್ತು. — ತನುಜಾ